ಕಾಕಾ ತುಂಬಿಸಿ ಕೊಟ್ಟ ನೀರು

ಮಡ್ಕಯಿಯ ನಮ್ಮ ಕಾರ್ಖಾನೆಯಲ್ಲಿ ಕುಡಿಯುವ ನೀರಿಗೆ ಎರಡು ಮದ್ದು. ಮೊದಲು ಓಝೋನ್, ಆಮೇಲೆ ಕ್ಲೋರಿನ್. ಯಾಕೆಂದು ನನಗೆ ಹೇಳಿದವರು ನೀರಿನ ಕೋಣೆಯ ಕಾಕಾ, ವಿಜಯಪುರದ ಕಡೆಯವರು.

"ನೀರಾಗ ಕಣ್ಣಿಗೆ ಕಾಣದ ಕೆಲವು ಹುಳದ ಚಿಪ್ಪು ಭಾಳ ಗಟ್ಟಿ. ಬರೇ ಕ್ಲೋರಿನ್ನಿಗೆ ಜಗ್ಗಂಗಿಲ್ಲ. ಓಝೋನ್ ಬಡದು ಸಡ್ಲ ಮಾಡತೈತಿ, ಕ್ಲೋರಿನ್ ಒಳಗ ಹೊಕ್ಕು ಮುಗಸತೈತಿ."

ಆಗ ನನ್ನ ಮಗಳಿಗೆ ಕಿಡ್ನಿಯ ಕಾಯಿಲೆ. ಅದರ ಗುಳಿಗೆಗಳಿಂದ ಮೈಯ ರೋಗನಿರೋಧಕ ಶಕ್ತಿ ಕುಗ್ಗುತ್ತದೆ, ನೀರು ಕುದಿಸಿಯೇ ಕೊಡಿ ಎಂದಿದ್ದರು ಡಾಕ್ಟರು. ಕಾಕಾ ಕೇಳಿ ನಕ್ಕರು. "ಗ್ಯಾಸ್ ಯಾಕ ಸುಡತಿ? ನನ್ನ ನೀರು ಒಯ್ಯಿ. ಹುಡುಗಿ ನನಗೂ ಮೊಮ್ಮಗಳಲ್ಲೇನು?" ನಕ್ಕರು ಎಂದು ಬರೆದೆ. ನಕ್ಕಿದ್ದರೋ ಇಲ್ಲವೋ. ಅಂದಿನಿಂದ ಸಡಾದ ನಮ್ಮ ಮನೆಗೆ ದಿನವೂ ಒಂದು ಕ್ಯಾನ್.

ಮಳೆಗಾಲದಲ್ಲಿ ಮಗಳಿಗೆ ಭೇದಿ ಹತ್ತಿತು, ನಿಲ್ಲಲಿಲ್ಲ. ಆಸ್ಪತ್ರೆಗೆ ಸೇರಿಸಿದೆವು. ಮಲ ಪರೀಕ್ಷೆಯಲ್ಲಿ ಸಿಕ್ಕಿದ್ದು ಆ ಗಟ್ಟಿ ಚಿಪ್ಪಿನ ಹುಳವೇ. ಡಾಕ್ಟರು ಯಾವ ನೀರು ಎಂದು ಕೇಳಿದಾಗ ಹೆಮ್ಮೆಯಿಂದ ಹೇಳಿದೆ, ಎರಡು ಮದ್ದಿನ ನೀರು ಎಂದು. ಹೆಮ್ಮೆಯನ್ನು ಈಗ ಸೇರಿಸುತ್ತಿದ್ದೇನೋ ಏನೋ.

ಮರುದಿನ ನೀರಿನ ಕೋಣೆಗೆ ಹೋದೆ. ಓಝೋನ್ ಯಂತ್ರದ ಮೇಲೆ ಕಾಕಾ ತಮ್ಮ ರೇನ್‌ಕೋಟ್ ಒಣಗಲು ಹರವಿದ್ದರು.

"ಮಳಿ ಸುರುವಾದಾಗನ ಮಷೀನ್ ಸುಟ್ಟೈತಿ. ಮ್ಯಾಲಿನವರು ಸುಮ್ಕಿರು ಅಂದ್ರು. ಕ್ಲೋರಿನ್ ಹಾಕಾಕತ್ತೇನಲ್ಲ, ಕ್ಲೋರಿನ್ ನೋಡೋ ಮದ್ದಿನ ಹನಿ ಬಿಟ್ರ ನೀರು ಹಳದಿ ಆಗತೈತಿ. ಪರೀಕ್ಷಾ ಪಾಸ್."

"ನನಗರೆ ಹೇಳಬೇಕಿತ್ತಲ್ರಿ ಕಾಕಾ. ಕ್ಯಾನ್ ಯಾರಿಗಂತ ನಿಮಗ ಗೊತ್ತಿತ್ತು."

ಅವರು ಕೈಯಲ್ಲಿದ್ದ ಚಹಾದ ಲೋಟ ನೋಡಿದರು. "ನೀರು ಯಾಕ ಕುಡೀತಿ, ಚಾ ಕುಡಿ ಅಂತ ದಿನಾ ಹೇಳತಿದ್ದಿಲ್ಲೇನು ನಾ?"

ಹೇಳುತ್ತಿದ್ದರು. ಎಲ್ಲರಿಗೂ ಹೇಳುತ್ತಿದ್ದರು, ನಾವು ತಮಾಷೆಯೆಂದು ನಗುತ್ತಿದ್ದೆವು.

ಮಗಳು ನಿಧಾನವಾಗಿ ಚೇತರಿಸಿಕೊಂಡಳು. ಈಗ ಮನೆಯಲ್ಲಿ ನೀರು ಕುದಿಯುತ್ತದೆ. ಸಪ್ಪಗಿದೆ ಎನ್ನುತ್ತಾಳೆ, ಕಾಕಾನ ನೀರು ಯಾಕೆ ತರುವುದಿಲ್ಲ ಎಂದು ಕೇಳುತ್ತಾಳೆ.

ಮಳೆಗೆ ಮುಂಚೆ, ಯಂತ್ರ ಸುಡುವ ಮೊದಲೂ ಕಾಕಾ ಆ ಚಹಾದ ಮಾತು ಹೇಳುತ್ತಿದ್ದರೇ ಎಂದು ನೆನಪಿನಲ್ಲಿ ಹುಡುಕುತ್ತೇನೆ. ಒಮ್ಮೆ ಬೇಸಿಗೆಯ ಬೆವರಿನ ಜೊತೆ ಆ ಮಾತು ಸಿಗುತ್ತದೆ, ಇನ್ನೊಮ್ಮೆ ಇಲ್ಲ. ಹೇಗೆ ನೆನೆದರೂ ಬದಲಾಗದ್ದು ಒಂದೇ: ಚಾ ಕುಡಿ ಎಂದವರೇ ಸಂಜೆ ಕ್ಯಾನ್ ಕಂಠಮಟ್ಟ ತುಂಬಿಸಿ, ಹೆಗಲ ಟವೆಲಿನಿಂದ ಒರೆಸಿ, ಮುಚ್ಚಳ ಬಿಗಿದು ನನ್ನ ಕೈಗೆ ಕೊಡುತ್ತಿದ್ದರು.