ಸತ್ಯವಂತರ ವಿದೌಟ್ ಪ್ರಯಾಣ

‘ವಿದೌಟ್’ ಎಂಬುದು ಅರ್ಧ ಮಾತು, ಅದರ ಮುಂದೆ ಇನ್ನೊಂದು ಪದ ಬರಲೇಬೇಕು ಎಂದು ನಮ್ಮ ಇಂಗ್ಲಿಷ್ ಮಾಸ್ತರರು ಕಿವಿ ಹಿಂಡಿ ಕಲಿಸಿದ್ದರು. ಮುಂಬಯಿಗೆ ಬಂದ ವಾರದೊಳಗೆ ಅವರ ವ್ಯಾಕರಣ ಸುಳ್ಳಾಯಿತು. ಇಲ್ಲಿ ಅದು ತನ್ನ ಕಾಲ ಮೇಲೆ ತಾನೇ ನಿಲ್ಲುವ ಪದ. ‘ಅವನು ವಿದೌಟ್ ಬಂದ’ ಎಂದರೆ ಸಾಕು, ಏನಿಲ್ಲದೆ ಬಂದ ಎಂದು ಯಾರೂ ಕೇಳುವುದಿಲ್ಲ. ಬುದ್ಧಿ ಇಲ್ಲದೆ ಬಂದಿರಬಹುದು, ನಾಚಿಕೆ ಇಲ್ಲದೆ ಬಂದಿರಬಹುದು, ಬಹಳ ಮಂದಿ ಹಾಗೆಯೇ ಬರುತ್ತಾರೆ. ಆದರೆ ಈ ಊರು ಗಣನೆಗೆ ತೆಗೆದುಕೊಳ್ಳುವುದು ಟಿಕೆಟ್ ಒಂದನ್ನೇ.

ವಿದೌಟ್ ಹೋಗುವವರಲ್ಲಿ ಎರಡು ಬಗೆ. ಕೊಡಲು ಮನಸ್ಸಿಲ್ಲದೆ ಹೋಗುವವರು ಒಂದು ಬಗೆ. ಅವರಿಂದ ಯಾರಿಗೂ ತೊಂದರೆಯಿಲ್ಲ. ಕೊಡಲು ಹೋಗಿ ಟಿಕೆಟ್ ಸಿಗದೆ ಗಾಡಿ ಹತ್ತಿದ ಸತ್ಯವಂತರು ಇನ್ನೊಂದು ಬಗೆ. ಇವರ ಕಾಟ ಹೇಳತೀರದು. ಮೊದಲನೆಯವನು ಬಾಗಿಲ ಕಂಬಿ ಹಿಡಿದು ಗಾಳಿ ತಿನ್ನುತ್ತ ಹಾಡು ಗುನುಗುತ್ತಾನೆ. ಎರಡನೆಯವನು ತನ್ನ ಸತ್ಯವನ್ನು ಪಕ್ಕದವನಿಗೆ ಹೇಳುತ್ತಾನೆ, ಎದುರಿನವನಿಗೆ ಹೇಳುತ್ತಾನೆ, ಕೇಳುವವರು ಮುಗಿದರೆ ಮೊದಲಿನಿಂದ ಶುರು ಮಾಡುತ್ತಾನೆ. ನನಗೆ ಇಂಥವರ ಪರಿಚಯ ಚೆನ್ನಾಗಿದೆ, ಏಕೆಂದರೆ ಒಬ್ಬರು ನಮ್ಮ ಮನೆಯಲ್ಲೇ ಇದ್ದರು.

ಇಸವಿ ಎಪ್ಪತ್ತರ ಆಸುಪಾಸಿನ ಮಾತು. ವಡಾಲದ ಕಡೆಯ ಕಾಲನಿಯೊಂದರಲ್ಲಿ ಮನೆ, ನನಗೆ ಫೋರ್ಟಿನಲ್ಲಿ ಗುಮಾಸ್ತಿಕೆ, ಕಿಸೆಯಲ್ಲಿ ತಿಂಗಳ ಪಾಸು. ಪಾಸಿನವನ ಗತ್ತೇ ಬೇರೆ. ಟಿಕೆಟ್ ಖಿಡಕಿಯ ಮುಂದಿನ ಕ್ಯೂವನ್ನು ಅವನು ನೋಡುವ ರೀತಿ, ಮೊದಲ ಪಂಕ್ತಿಯಲ್ಲಿ ಕೂತವನು ಎರಡನೆಯ ಪಂಕ್ತಿಗೆ ಕಾದು ನಿಂತವರನ್ನು ನೋಡುವ ಹಾಗಿರುತ್ತದೆ. ಆದರೆ ಆ ಗತ್ತೆಲ್ಲ ಒಂದೇ ದಿಕ್ಕಿನದು. ಭಾನುವಾರ ಬಂದು, ಆಫೀಸಿಲ್ಲದ ಕಡೆಗೆ ಹೋಗಬೇಕಾಯಿತೆನ್ನಿ, ಅದೇ ಮನುಷ್ಯ ಕ್ಯೂವಿನ ಬಾಲದಲ್ಲಿ ಚಿಲ್ಲರೆ ಹಿಡಿದು ಬೆವರುತ್ತಾನೆ.

ಅಂಥದೊಂದು ಭಾನುವಾರ ನಾನು ಶೇಷೂಮಾಮಾ ಅವರೊಂದಿಗೆ ಘಾಟ್ಕೋಪರಿಗೆ ಹೊರಟಿದ್ದೆ, ಕನ್ಯಾ ನೋಡಲಿಕ್ಕೆ. ಶೇಷೂಮಾಮಾ ನನ್ನ ತಾಯಿಯ ಅಣ್ಣ. ಧಾರವಾಡದ ಕಡೆಯಿಂದ ಬಂದು, ಗಿರಣಿಯೊಂದರ ಆಫೀಸಿನಲ್ಲಿ ಹೆಡ್ ಕ್ಲಾರ್ಕ್ ಆಗಿ ನಿವೃತ್ತರಾಗಿ, ನಮ್ಮ ಜೊತೆಗೇ ಇದ್ದರು. ತಂದೆಯಿಲ್ಲದ ಮನೆಗೆ ಅವರೇ ಹಿರಿಯರು. ಅವರು ಹೂಂ ಅನ್ನದೆ ನಮ್ಮಲ್ಲಿ ಲಗ್ನವಂತಿರಲಿ, ಹಪ್ಪಳ ಕೂಡ ಒತ್ತುತ್ತಿರಲಿಲ್ಲ. ಸತ್ಯಸಂಧರೆಂದು ಅವರಿಗೆ ಹೆಸರಿತ್ತು. ಆ ಹೆಸರನ್ನು ಇಟ್ಟುಕೊಂಡವರೂ ಅವರೇ. ನನಗೋ ಮೂವತ್ತು ದಾಟಿತ್ತು. ದಾದರಿನಿಂದ ಡೊಂಬಿವಲಿಯ ತನಕ ಎಷ್ಟೋ ಮನೆಗಳನ್ನು ಮಾಮಾ ನಾಲ್ಕೈದು ವರ್ಷಗಳಿಂದ ನಿರಾಕರಿಸುತ್ತಲೇ ಬಂದಿದ್ದರು. ಒಂದು ಕಡೆ ಹುಡುಗಿ ಎತ್ತರವಾದಳು, ಇನ್ನೊಂದು ಕಡೆ ಚಹಾ ತೆಳುವಾಯಿತು. ಈ ಸಲವಾದರೂ ಕೂಡಿ ಬರಲಿ ಎಂದು ನಾನು ಯಾರಿಗೂ ಹೇಳದೆ ಹರಕೆ ಹೊತ್ತಿದ್ದೆ.

ಸ್ಟೇಷನ್ನಿನಲ್ಲಿ ಎರಡು ಖಿಡಕಿಗಳು. ಒಂದನ್ನು ಮುಚ್ಚಿಡುವುದಕ್ಕೆಂದೇ ಕಟ್ಟಿಸಿದ್ದರು. ಇನ್ನೊಂದರ ಮುಂದೆ ನಿಂತು ನಿಂತು, ಕೊನೆಗೂ ನಮ್ಮ ಸರದಿ ಬಂತು ಎನ್ನುವಷ್ಟರಲ್ಲಿ ಒಳಗಿದ್ದ ಪುಣ್ಯಾತ್ಮ ಹಲಗೆ ಎಳೆದುಕೊಂಡ. ಪಾಳಿ ಬದಲಾಗುತ್ತದೆ, ಹಿಸಾಬು ಹೊಂದಿಸಬೇಕು ಎಂದು ಹಲಗೆಯ ಹಿಂದಿನಿಂದ ದನಿ ಬಂತು. ಗಾಡಿ ಪ್ಲಾಟ್‌ಫಾರಂ ಮುಟ್ಟಿತ್ತು. ರಾಹುಕಾಲಕ್ಕೆ ಮೊದಲು ಹುಡುಗಿಯ ಮನೆ ಸೇರಬೇಕೆಂದು ಮುಹೂರ್ತ ಇಟ್ಟವರೂ ಮಾಮಾ ಅವರೇ ಆದ್ದರಿಂದ ಅವರಿಗೆ ಬೇರೆ ದಾರಿ ಇರಲಿಲ್ಲ. ಧೋತರದ ಚುಂಗು ಎತ್ತಿ ಹಿಡಿದು ಹತ್ತಿದರು, ಹತ್ತಿದ ಮೇಲೆ ಡಬ್ಬಿಗೆಲ್ಲ ಕೇಳುವಂತೆ ಹೇಳಿದರು:

“ಟಿಕೀಟ ಇಲ್ಲದ ಗಾಡಿ ಹತ್ತೂದು ಅಂದ್ರ ಕಳುವು ಮಾಡಿಧಂಗ. ಇವತ್ತ ಮಾಡೇವಿ. ಆದ್ರ ಇಳಿದ ಕೂಡ್ಲೇ ತೀರಸೂಣು.”

ಡಬ್ಬಿಯಲ್ಲಿ ಕನ್ನಡ ಬರುವವರು ಯಾರೂ ಇರಲಿಲ್ಲ ಎಂಬುದೊಂದೇ ನನ್ನ ಸಮಾಧಾನ. ಆದರೆ ಮಾಮಾ ಅವರಿಗೆ ಹಿಂದಿಯೂ ಒಂದಿಷ್ಟು ಬರುತ್ತಿತ್ತು.

ನಮ್ಮ ಹಿಂದಿನವರು ಯೋಚಿಸದ ವಿಷಯವಿಲ್ಲ ಎನ್ನುತ್ತಾರೆ. ಹೊಳೆ ದಾಟುವವನು ದೋಣಿಗೆ ಎಷ್ಟು ಕೊಡಬೇಕು, ಬಸುರಿಗೆ ಮಾಫಿಯೋ, ಸನ್ಯಾಸಿಗೆ ಮಾಫಿಯೋ, ಎಲ್ಲವನ್ನೂ ಶಾಸ್ತ್ರಕಾರರು ಬರೆದಿಟ್ಟಿದ್ದಾರೆ. ಕೊಡಲೆಂದು ಬಂದಾಗ ಇಸಿದುಕೊಳ್ಳುವವನು ಹಲಗೆ ಎಳೆದುಕೊಂಡರೆ ಏನು ಮಾಡಬೇಕೆಂದು ಮಾತ್ರ ಒಬ್ಬನೂ ಬರೆದಿಲ್ಲ. ಆ ಕೊರತೆಯನ್ನು ಮಾಮಾ ತುಂಬಿಸಿದ್ದರು. ಇಳಿದ ಊರಿನಲ್ಲಿ ಹೊರಗೆ ಹೋಗಿ, ಬಂದ ಊರಿಗೆ ಒಂದು ಟಿಕೆಟ್ ಕೊಂಡು, ಅದನ್ನು ಹರಿದು ಹಾಕುವುದು. ಟಿಕೆಟ್ಟೂ ಹರಿಯಿತು, ಋಣವೂ ಹರಿಯಿತು. ಕನ್ನಡದ ಒಂದೇ ಕ್ರಿಯಾಪದದಲ್ಲಿ ಎರಡು ಕೆಲಸ. ರೈಲ್ವೆಯವರಿಗೆ ಈ ಪಾವತಿಯ ಸುದ್ದಿಯೇ ಇರಲಿಲ್ಲ, ನೆಂಟರಿಷ್ಟರಿಗೆಲ್ಲ ಇತ್ತು.

ಈ ಶಾಸ್ತ್ರದಲ್ಲಿ ಒಂದು ತೊಡಕಿತ್ತು. ಖಿಡಕಿ ಇರುವುದು ಗೇಟಿನ ಹೊರಗೆ. ಋಣ ತೀರಿಸಬೇಕೆಂದರೆ ಮೊದಲು ಕಳ್ಳನ ಹಾಗೆ ಗೇಟು ದಾಟಬೇಕು. ಉಳಿದ ದಿನ ಗೇಟಿನಲ್ಲಿ ಯಾರೂ ಇರುತ್ತಿರಲಿಲ್ಲ ಅಥವಾ ಜನರ ನೂಕಿಗೆ ಇದ್ದೂ ಇಲ್ಲದಂತಾಗುತ್ತಿತ್ತು. ಅಂದು ಕುರ್ಲಾದಲ್ಲಿ ಗಾಡಿ ಬದಲಿಸಿ ಘಾಟ್ಕೋಪರಿನಲ್ಲಿ ಇಳಿದರೆ ಟಿ.ಸಿ. ನಿಂತಿದ್ದ. ಭಾನುವಾರದ ಮಧ್ಯಾಹ್ನ, ಗೇಟಿನಲ್ಲಿ ನಾವಿಬ್ಬರೇ.

ಸುಂಕದವನ ಮುಂದೆ ಸುಖದುಃಖ ಹೇಳಿಕೊಳ್ಳಬಾರದು ಎಂದು ಗಾದೆ ಮಾಡಿದವನು ಮಾಮಾ ಅಂಥವರನ್ನು ಕಂಡೇ ಮಾಡಿರಬೇಕು. ಮಾಮಾ ತಾವಾಗಿಯೇ ಹೋಗಿ, ಹಲಗೆ ಎಳೆದುಕೊಂಡವನಿಂದ ಹಿಡಿದು ಹರಿಯುವ ಶಾಸ್ತ್ರದ ತನಕ ಎಲ್ಲವನ್ನೂ ವಿವರಿಸಿದರು. ತಮ್ಮನ್ನು ಹೊರಗೆ ಬಿಟ್ಟರೆ ಅವನ ಕಣ್ಣೆದುರೇ ಹರಿದು ತೋರಿಸುವುದಾಗಿ ಹೇಳಿದರು. ಜೇಬುಗಳ್ಳತನದ ಕತೆ, ಸಾಯುತ್ತಿರುವ ಅಜ್ಜಿಯ ಕತೆ ಎಲ್ಲ ಕೇಳಿದ್ದ ಆ ಮನುಷ್ಯ ಇಂಥದನ್ನು ಕೇಳಿರಲಿಲ್ಲ. ಮಾಮಾ ಅವರ ಕರಿ ಟೋಪಿ ನೋಡಿದ, ಜರಿ ಅಂಚಿನ ಧೋತರ ನೋಡಿದ, ನನ್ನ ಇಸ್ತ್ರಿ ಅಂಗಿ ಮತ್ತು ಮುಖದ ಪೌಡರನ್ನು ನೋಡಿದ. ಹೆಣ್ಣು ನೋಡಲು ಹೊರಟವರೆಂದು ಅವನಿಗೆ ತಿಳಿದುಹೋಯಿತು.

“ಲಡಕೀ ದೇಖನೇ ಜಾತಾ ಹೈ ಕ್ಯಾ?” ಎಂದ. “ಜಾವ್ ಬಾಬಾ, ಜಾವ್.”

ದಂಡ ಹಾಕಿದ್ದರೆ ಮಾಮಾ ಸಹಿಸುತ್ತಿದ್ದರು. ಬಿಟ್ಟುಬಿಟ್ಟದ್ದು ಅವರ ಎದೆಗೆ ನಾಟಿತು. ನಾನು ಗಡಿಯಾರ ತೋರಿಸಿದೆ, ಹುಡುಗಿಯ ಮನೆಯವರು ಬಾಗಿಲಲ್ಲಿ ಕಾಯುತ್ತಿರುತ್ತಾರೆ ಎಂದು ಗೋಗರೆದೆ. ಅವರು ಕ್ಯೂ ನಿಂತರು. ಎರಡು ಟಿಕೆಟ್ ಕೊಂಡರು. ಟಿ.ಸಿ.ಯ ಎದುರು ಬಂದು ನಿಂತು ಹರಿಯಲು ಹೊರಟರು. ಆಗಿನ ಟಿಕೆಟ್ಟೆಂದರೆ ಗಟ್ಟಿ ರಟ್ಟಿನ ತುಂಡು. ಮಡಿಸಿದರು, ತಿರುಚಿದರು, ಕೋರೆಹಲ್ಲಿಗೆ ಕೊಟ್ಟರು. ರಟ್ಟು ಜಗ್ಗಲಿಲ್ಲ. ಕೊನೆಗೆ ಪಕ್ಕದ ಪಾನ್‌ವಾಲಾನ ಅಡಕತ್ತರಿ ಇಸಿದುಕೊಂಡು, ಅಡಕೆ ಹೋಳು ಮಾಡಿದಂತೆ ಎರಡನ್ನೂ ಕತ್ತರಿಸಿ, ಚೂರುಗಳನ್ನು ಟಿ.ಸಿ.ಗೆ ಅಂಗೈಯಲ್ಲಿ ಹಿಡಿದು ತೋರಿಸಿದರು. ಅವನು ಆಕಳಿಸಿದ. ಅಷ್ಟರಲ್ಲಿ ರಾಹುಕಾಲ ಹಿಡಿದಿತ್ತು.

ಹುಡುಗಿಯ ತಂದೆ ಕೇಶವರಾಯರು ಕಾದು ಕಾದು ಬಾಡಿದ್ದರೂ ನಗುತ್ತಲೇ ಬರಮಾಡಿಕೊಂಡರು. ತಡವಾದುದಕ್ಕೆ ಮಾಮಾ ಕ್ಷಮೆ ಕೇಳಲಿಲ್ಲ, ಕಾರಣ ಹೇಳಿದರು. ಶಿರಾ ಬಂತು, ಉಪ್ಪಿಟ್ಟು ಬಂತು, ಕಾರಣ ಮುಗಿಯಲಿಲ್ಲ. ಹುಡುಗಿ ವಿಮಲಾ ಬಂದು ಕೂತಳು. ಇನ್ಶೂರೆನ್ಸ್ ಆಫೀಸಿನಲ್ಲಿ ಟೈಪಿಸ್ಟ್, ದಿನಾ ಲೋಕಲ್ಲಿನಲ್ಲಿ ಓಡಾಡುವವಳು. ಹಾರ್ಮೋನಿಯಂ ಎಳೆದುಕೊಂಡು ಒಂದು ದೇವರನಾಮ ಹೇಳಿದಳು. ಅದು ಮುಗಿದದ್ದೇ ತಡ, ಮಾಮಾ ನಿಲ್ಲಿಸಿದ್ದಲ್ಲಿಂದ ಮುಂದುವರಿಸಿ ಅಡಕತ್ತರಿಯನ್ನು ಎರಡೂ ಕೈಯಲ್ಲಿ ಅಭಿನಯಿಸಿದರು. ಅವಳು ತುಟಿ ಕಚ್ಚಿ ನನ್ನ ಕಡೆ ನೋಡಿದಳು. ನನಗೆ ನಗು ತಡೆಯಲಾಗಲಿಲ್ಲ, ಅವಳಿಗೂ ಆಗಲಿಲ್ಲ. ಸುತ್ತಿ ಬಳಸಿ ಹೇಳುವುದೇನು, ನನಗೆ ಅವಳು ಬಹಳ ಇಷ್ಟವಾದಳು.

ಮಾಮಾ ಕೈ ತೊಳೆದು, ಟೋಪಿ ಸರಿಮಾಡಿಕೊಂಡು, ಎದ್ದು ನಿಂತು ಯಾವಾಗಲೂ ಹೇಳುವ ಮಾತು ಹೇಳಿದರು: “ಪತ್ರಾ ಹಾಕ್ತೀವಿ.”

ಈ ಮಾತಿನ ಅರ್ಥ ನನಗೆ ಗೊತ್ತಿತ್ತು. ದಾದರಿನ ಮನೆಯಲ್ಲೂ ಇದನ್ನೇ ಹೇಳಿದ್ದರು, ಡೊಂಬಿವಲಿಯಲ್ಲೂ ಇದನ್ನೇ. ಎಲ್ಲಿಗೂ ಪತ್ರ ಹೋಗಿರಲಿಲ್ಲ. ಒಲ್ಲೆನೆಂದು ಬರೆಯುವುದು ಕೆಟ್ಟದಾಗಿ ಕಾಣುತ್ತದೆ, ಸುಮ್ಮನಿದ್ದರೆ ಅವರೇ ತಿಳಿದುಕೊಳ್ಳುತ್ತಾರೆ ಎಂಬುದು ಅವರ ಸಿದ್ಧಾಂತ. ಕೇಶವರಾಯರಿಗೂ ಈ ಮಾತಿನ ಅರ್ಥ ಗೊತ್ತಿತ್ತೆಂದು ಕಾಣುತ್ತದೆ. ಮುಖದ ಮೇಲಿನ ನಗು ಹಾಗೆಯೇ ಇತ್ತು, ಕಣ್ಣು ಮಾತ್ರ ಕೆಳಗಿಳಿಯಿತು. ಖಾಲಿ ತಟ್ಟೆಗಳನ್ನು ಎತ್ತಿಕೊಳ್ಳುತ್ತಿದ್ದ ವಿಮಲಾ ನಿಂತಳು.

“ಕಾಕಾ,” ಎಂದಳು, ದನಿ ಏರಿಸದೆ, “ಗಾಡಿದು ಋಣಾ ತೀರಸಿದ್ರಿ, ಛಲೋ ಆತು. ಮತ್ತ ಮಂದಿ ಮನಿಗೆ ಬಂದು, ಶಿರಾ ತಿಂದು, ಹಾಡ ಕೇಳಿ, ಪತ್ರಾ ಹಾಕದ ಹೋಗೋದು, ಅದು ವಿದೌಟ್ ನಹೀ ಕ್ಯಾ? ಅದಕ್ಕ ಏನ್ ಹರದ ಹಾಕ್ತೀರಿ?”

ತಾಯಿ ಒಳಗಿನಿಂದ ಅವಳ ಹೆಸರು ಹಿಡಿದು ಗದರಿದರು. ಮಾಮಾ ಸರಿಯಾಗಿಯೇ ಇದ್ದ ಟೋಪಿಯನ್ನು ಇನ್ನೊಮ್ಮೆ ಸರಿಮಾಡಿಕೊಂಡರು. ಎಲ್ಲಿಂದ ಧೈರ್ಯ ಬಂತೋ, ಹಿರಿಯರನ್ನು ಕೇಳದೆ ನಾನೇ ಕೇಶವರಾಯರಿಗೆ ಹೇಳಿಬಿಟ್ಟೆ, ಪತ್ರದ ಅಗತ್ಯವಿಲ್ಲ, ನನಗೆ ಪೂರ್ಣ ಒಪ್ಪಿಗೆಯಿದೆ ಎಂದು. ಅವರು ಮಗಳ ಮುಖ ನೋಡಿದರು. ಅವಳು ನನ್ನನ್ನು ಒಮ್ಮೆ, ನನ್ನ ಮಾಮಾ ಅವರನ್ನು ಒಮ್ಮೆ ನೋಡಿ, ತಟ್ಟೆ ತೆಗೆದುಕೊಂಡು ಒಳಗೆ ಹೋದಳು. ಕೇಶವರಾಯರು ಬಹಳ ವಿನಯದಿಂದ ಕೈ ಜೋಡಿಸಿದರು.

“ಪತ್ರಾ ಹಾಕ್ತೀವ್ರೀ.”

ಹಾಕಲಿಲ್ಲ. ನ್ಯಾಯವಾಗಿಯೇ ಹಾಕಲಿಲ್ಲ ಎಂದು ಹೇಳುವಷ್ಟು ದೊಡ್ಡ ಮನಸ್ಸು ನನಗಿಲ್ಲ. ಆಫೀಸಿನಿಂದ ಬಂದ ಕೂಡಲೇ ಟಪಾಲು ಬಂತೇ ಎಂದು ಕೇಳುತ್ತಿದ್ದೆ, ಆಮೇಲೆ ಕೇಳಲು ನಾಚಿಕೆಯಾಗಿ ಟೇಬಲ್ಲಿನ ಮೇಲೆ ಕಣ್ಣಾಡಿಸುತ್ತಿದ್ದೆ. ಒಲ್ಲೆ ಎಂದಾದರೂ ಬರೆಯಬಾರದೇ ಎಂದು ಒಳಗೆ ಸುಡುತ್ತಿತ್ತು. ಒಂದು ಉತ್ತರ ಕೊಡುವ ಸೌಜನ್ಯವೂ ಇಲ್ಲದ ಮಂದಿ, ಸಂಬಂಧ ತಪ್ಪಿದ್ದೇ ಒಳ್ಳೆಯದಾಯಿತು ಎಂದು ಮಾಮಾ ಹೇಳಿದರು. ನಗದೆ ಹೇಳಿದರು.

ಮಳೆಗಾಲ ಕಳೆದ ಮೇಲೆ ಒಂದು ದಿನ ಕಾರ್ಡುಗಳನ್ನು ತಂದು, ಕೇಶವರಾಯರ ಮನೆಯೊಂದನ್ನು ಬಿಟ್ಟು, ನಾವು ಶಿರಾ ತಿಂದು ಬಂದ ಮನೆಗಳಿಗೆಲ್ಲ ನಾನೇ ಬರೆದೆ. ಈ ಸಂಬಂಧ ಕೂಡಿ ಬರುವ ಹಾಗಿಲ್ಲ, ಇಷ್ಟು ದಿನ ಕಾಯಿಸಿದ್ದಕ್ಕೆ ಕ್ಷಮೆಯಿರಲಿ ಎಂದು. ಟಪಾಲು ಡಬ್ಬಿಗೆ ಹಾಕುವಾಗ ನಾನೂ ಎಂಥ ಸತ್ಯವಂತನೆಂದು ಎದೆಯುಬ್ಬಿತ್ತು. ಒಂದೇ ಮನೆಯಿಂದ ಉತ್ತರ ಬಂತು, ಡೊಂಬಿವಲಿಯಿಂದ. ಪತ್ರ ತಲುಪಿ ಸಂತೋಷವಾಯಿತು, ನಮ್ಮ ಹುಡುಗಿಯ ಮಗನ ತಲೆಗೂದಲು ತೆಗೆಸುವ ಜವಳ ಬರುವ ತಿಂಗಳು ಇಟ್ಟುಕೊಂಡಿದ್ದೇವೆ, ತಾವು ಯಾರೆಂದು ಎಷ್ಟು ಮಾಡಿದರೂ ನೆನಪಾಗಲಿಲ್ಲ, ಆದರೂ ಊಟಕ್ಕೆ ಅವಶ್ಯ ಬರಬೇಕು ಎಂದಿತ್ತು.

ಬರಲಾಗುವುದಿಲ್ಲವೆಂದು ಅಂದೇ ಬರೆದು ಹಾಕಿದೆ.