ಬೆನ್ನು ಮಾಡಿ ಮುಂದೆ ಹೋಗುವವರು

ನಾನು ನೌಕಾಪಡೆಯವರ ಮಗಳು. ಅಪ್ಪ ಧಾರವಾಡದ ಕಡೆಯವರು, ನೌಕರಿ ಮಾತ್ರ ವಿಶಾಖಪಟ್ಟಣದಲ್ಲಿ. ಅಲ್ಲಿನ ಕಾಲೇಜಿನಲ್ಲಿ ಮೂರು ವರ್ಷ ದೋಣಿಯಲ್ಲಿ ಕೂತು ಹುಟ್ಟು ಹಾಕಿದವಳು ನಾನು. ಈಗ ವಿಜಯವಾಡದಲ್ಲಿ ಬ್ಯಾಂಕ್ ಅಧಿಕಾರಿ. ಮಂಡಿ ನೋವು ಹೊಸದು, ಗತ್ತು ಆಗಿನದೇ.

ವರ್ಗವಾಗಿ ಬಂದ ಮೊದಲ ವರ್ಷವೇ ಕೃಷ್ಣಾ ದಂಡೆಯ ಒಂದು ಸಣ್ಣ ಸಂಸ್ಥೆಗೆ ಅಂಟಿಕೊಂಡೆ. ಅಲ್ಲಿ ಮಕ್ಕಳಿಗೆ ಬೆಳಿಗ್ಗೆ ದೋಣಿ, ಆಮೇಲೆ ಪಾಠ. ಭಾನುವಾರದ ಗಣಿತ ನನ್ನದು. ಅಲ್ಲೊಂದು ಕಟ್ಟುಪಾಡಿದೆ: ಒಂದು ದೋಣಿಯ ನಾಲ್ವರಲ್ಲಿ ಒಬ್ಬಳ ಹೋಮ್‌ವರ್ಕ್ ಬಾಕಿ ಇದ್ದರೂ ದೋಣಿ ನೀರಿಗಿಳಿಯುವುದಿಲ್ಲ. ಹಾಗಾಗಿ ಹುಡುಗಿಯರು ಒಬ್ಬರ ಜಡೆ ಒಬ್ಬರು ಹೆಣೆಯುತ್ತಲೇ ಸೂತ್ರಗಳನ್ನು ಒಪ್ಪಿಸಿಕೊಳ್ಳುತ್ತಾರೆ. ನನ್ನ ಬೈಗುಳದಿಂದ ಆಗದ ಕೆಲಸ ಅದರಿಂದ ಆಗುತ್ತದೆ.

ದೊಡ್ಡ ಹುಡುಗಿಯರ ದೋಣಿಯ ನಾಲ್ವರಲ್ಲಿ ಒಬ್ಬಳ ಮೇಲೆ ನನಗೆ ವಿಪರೀತ ಅಕ್ಕರೆ. ಮುಚ್ಚಿಟ್ಟು ಏನು ಪ್ರಯೋಜನ, ಎಲ್ಲರಿಗೂ ಗೊತ್ತಿತ್ತು. ಆಟೋನಗರದ ಲಾರಿ ಮೆಕ್ಯಾನಿಕ್‌ನ ಮಗಳು, ಹದಿನೈದು ವರ್ಷ. ನಾಲಿಗೆಯನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಬೀಜಗಣಿತ ಬಿಡಿಸುತ್ತಾಳೆ. ಅವಳಿಗೆ ವಿಶಾಖಪಟ್ಟಣದಲ್ಲಿ ಎರಡು ವರ್ಷದ ದೋಣಿ ತರಬೇತಿ, ಜೊತೆಗೆ ಕಾಲೇಜಿನ ಸೀಟು ಸಿಕ್ಕಿತು. ಉಳಿಯಲು ಜಾಗ ಅದೇ ಊರಿನ ಮಧುರವಾಡದಲ್ಲಿರುವ ನನ್ನ ಅಮ್ಮನ ಫ್ಲ್ಯಾಟಿನಲ್ಲಿ. ಫೋನಿನಲ್ಲಿ ಕೇಳಿದ್ದಕ್ಕೆ ಅಮ್ಮ, "ಕೇಳೂದೇನದ ಅದರಾಗ? ಲಗೂನ ಕಳಸು. ನಿನ್ನಂಗ ಹತ್ತು ಗಂಟೆತನಕ ಮಲಗಂಗಿಲ್ಲಲ್ಲ ಆ ಹುಡುಗಿ?" ಎಂದಳು.

ಒಪ್ಪದವರು ಅವಳ ಅಪ್ಪ ಒಬ್ಬರೇ. ಶೆಡ್ಡಿಗೆ ಹೋಗಿ ನನಗೆ ಗೊತ್ತಿದ್ದ ತೆಲುಗನ್ನೆಲ್ಲ ಖರ್ಚು ಮಾಡಿದೆ. ಅವರು ಕೈಯ ಗ್ರೀಸ್ ಒರೆಸಿಕೊಳ್ಳುತ್ತಾ ತೆಲುಗಿನಲ್ಲೇ ಹೇಳಿದರು: "ಹೋಗೋ ದಿಕ್ಕಿಗೆ ಬೆನ್ನು ಹಾಕಿ ಕೂರೋ ಗಾಡೀನ ನಾನು ಎಲ್ಲೂ ನೋಡಿಲ್ಲ ಮೇಡಂ ಗಾರೂ. ತಾಯಿಲ್ಲದ ಮಗು. ಒಂದು ರಾತ್ರಿ ನನ್ನ ಬಿಟ್ಟು ಇದ್ದಿಲ್ಲ. ಎದುರಿಗೆ ಏನಾದರೂ ಬಂದರೆ ಅವಳಿಗೆ ಕಾಣೋದು ಹೇಗೆ?"

ದುಂಬಾಲು ಬಿದ್ದ ಮೇಲೆ ಒಂದು ಭಾನುವಾರ ಬಂದು ನೋಡಲು ಒಪ್ಪಿದರು. ನೋಡಿದ ಮೇಲೆ ಏನು ಹೇಳುತ್ತಾರೋ ಅದೇ ಕೊನೆ, ಮತ್ತೆ ಯಾರೂ ಮಾತೆತ್ತಬಾರದು ಎಂಬ ಷರತ್ತಿನ ಮೇಲೆ.

ದೋಣಿಯಲ್ಲಿ ನಾಲ್ವರು ಹುಟ್ಟು ಹಾಕುವವರು ಬೆನ್ನು ಮುಂದೆ ಮಾಡಿ ಕೂರುತ್ತಾರೆ. ಅವರಿಗೆ ಎದುರಾಗಿ, ದಾರಿ ನೋಡುತ್ತಾ, ಐದನೆಯವಳೊಬ್ಬಳು ಕೂತು ಆಜ್ಞೆ ಕೊಡುತ್ತಾಳೆ. ಆ ಭಾನುವಾರವೇ ಅವಳಿಗೆ ಜ್ವರ. "ನಾನಿಲ್ಲವಾ!" ಎಂದು ಆ ಜಾಗದಲ್ಲಿ ನಾನೇ ಹತ್ತಿ ಕೂತೆ.

ಹೊರಟದ್ದು ಚೆನ್ನಾಗಿಯೇ ಹೊರಟೆವು. ದಂಡೆಯ ಮೆಟ್ಟಿಲ ಮೇಲೆ ನಿಂತಿದ್ದ ನಮ್ಮ ಹುಡುಗಿಯ ಅಪ್ಪನ ಮುಂದೆ ಸೊಗಸಾಗಿ ಹಾದುಹೋಗಬೇಕು ಎನ್ನುವಷ್ಟರಲ್ಲಿ ಬಲಕ್ಕೆ ಅಂತರಗಂಗೆ ಗಿಡಗಳ ದೊಡ್ಡ ರಾಶಿ ತೇಲಿ ಬಂತು. ದೋಣಿ ಎಡಕ್ಕೆ ತಿರುಗಬೇಕಾದರೆ ಬಲಬದಿಯವರು ಜೋರಾಗಿ ಎಳೆಯಬೇಕು. ಆಜ್ಞೆಯಲ್ಲಿ ಎಡ, ಬಲ ಎಂದರೆ ದೋಣಿ ಹೋಗುವ ದಿಕ್ಕಿನ ಲೆಕ್ಕ. ಆದರೆ ನಾನು ಮೂರು ವರ್ಷ ಬೆನ್ನು ಮಾಡಿ ಕೂತವಳು. ದೋಣಿಯ ಬಲ ಎಂದರೆ ನನ್ನ ಮೈಗೆ ಇಂದಿಗೂ ಎಡಗೈ. "ಎಡಗಡೆ, ಜೋರು!" ಎಂದು ಕೂಗಿದೆ. ಮಾತು ಆಡಿದರೆ ಹೋಯಿತು. ಹೇಳಿದ್ದನ್ನು ಚಾಚೂ ತಪ್ಪದೆ ಮಾಡುವ ಮಕ್ಕಳು ದೋಣಿಯನ್ನು ನೇರ ಗಿಡಗಳೊಳಗೆ ನುಗ್ಗಿಸಿದರು.

ಹುಟ್ಟುಗಳು ಬೇರಿಗೆ ಸಿಕ್ಕಿಕೊಂಡವು, ದೋಣಿ ಓಲಾಡಿತು. ನನ್ನ ಬಾಯಿಂದ ಮತ್ತೊಂದು ತಪ್ಪು ಆಜ್ಞೆ ಹೊರಡುವುದರಲ್ಲಿತ್ತು. ಎದುರಿಗೆ ಕೂತಿದ್ದ ನಮ್ಮ ಹುಡುಗಿ ಮೆಲ್ಲಗೆ, "ಆಗಂಡಿ ಮೇಡಂ," ಎಂದಳು. ನಿಲ್ಲಿ ಎಂದದ್ದೇ ತಡ, ನಾನು ಬಾಯಿ ಮುಚ್ಚಿದೆ. ಅವಳು ಹೆಗಲ ಮೇಲಿಂದ ಒಮ್ಮೆ ತಿರುಗಿ ನೋಡಿದಳು. ಇಬ್ಬರಿಗೆ ಹುಟ್ಟು ಅಲುಗಾಡಿಸದೆ ಹಿಡಿಯಲು ಹೇಳಿದಳು, ತಾನೂ ಇನ್ನೊಬ್ಬಳೂ ಪುಟ್ಟ ಪುಟ್ಟ ಹೊಡೆತ ಹಾಕಿ ದೋಣಿಯನ್ನು ಹಿಂದಕ್ಕೆ ತಂದರು. ದನಿ ಎಲ್ಲೂ ಏರಲಿಲ್ಲ. ದಂಡೆ ಮುಟ್ಟುವವರೆಗೂ ಅವಳದೇ ಆಜ್ಞೆ. ನಾನು ಲಗೇಜು.

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅಂದುಕೊಂಡು ಇಳಿದೆ. ಇಲ್ಲಿ ಎರಡು ವರ್ಷ ಅವಳು ದುಡಿದದ್ದನ್ನು ಒಂದೇ ಕೂಗಿಗೆ ಹಾಳು ಮಾಡಿದೆನಲ್ಲಾ ಎಂದು ನನ್ನ ಮೇಲೇ ಸಿಟ್ಟು ಬಂತು. ನಾಚಿಕೆ ಬಿಟ್ಟು ಅವಳ ಅಪ್ಪನ ಹತ್ತಿರ ಹೋದೆ. "ತಪ್ಪು ನನ್ನದು. ಅವಳದ್ದಲ್ಲ."

"ನೋಡಿದೆನಮ್ಮಾ," ಎಂದರು. ನನ್ನನ್ನು ದಾಟಿ ಮಗಳ ಮುಂದೆ ನಿಂತರು. ಅವಳು ಪ್ಯಾಂಟಿಗೆ ಅಂಟಿದ ಬೇರು ಕೀಳುತ್ತಾ ತಲೆ ತಗ್ಗಿಸಿಯೇ ಇದ್ದಳು. "ಹೋಗಬೇಕು ಅಂತ ಇದೆಯಾ?" ಸೀಟು ಸಿಕ್ಕಾಗಿನಿಂದ ಯಾರಾದರೂ ಅವಳನ್ನೇ ಕೇಳಿದ್ದು ಅದೇ ಮೊದಲು. ಅವಳು ಹೌದೆಂದು ತಲೆಯಾಡಿಸಿದಳು.

ಅವರು ಬಗ್ಗಿ ಅವಳ ಪ್ಯಾಂಟಿನ ಕೊನೆಯ ಬೇರು ಕಿತ್ತರು. ಆಮೇಲೆ ನನ್ನ ಕಡೆ ತಿರುಗಿ ಕೈ ಮುಗಿದರು.

"ಕಳಿಸ್ತೀನಿ ಮೇಡಂ ಗಾರೂ. ಆದರೆ ದಯವಿಟ್ಟು, ಇವಳಿರೋ ದೋಣೀಲಿ ಆ ಜಾಗದಲ್ಲಿ ನೀವು ಕೂರಬೇಡಿ."

ಮೊದಲು ನಕ್ಕವಳು ಅವಳೇ, ಆಮೇಲೆ ಅಪ್ಪನ ಅಂಗಿ ಹಿಡಿದುಕೊಂಡು ಅತ್ತಳು.