ಒಂದೇ ಭರಣಿಯ ಎರಡು ಕೆಂಪು

ಹೋದ ತಿಂಗಳು ಮಡಕಶಿರದ ಹಳೆಯ ಬೀದಿಯೊಂದರಲ್ಲಿ ಯಾರೋ ಹೊಸ್ತಿಲಿಗೆ ಜಾಜು ಬಳಿಯುತ್ತಿದ್ದರು. ಒದ್ದೆ ಕೆಮ್ಮಣ್ಣಿನ ಆ ವಾಸನೆಗೆ ನಾನು ಅಲ್ಲೇ ನಿಂತೆ. ನಮ್ಮ ಮನೆಯಲ್ಲಿ ಬರೀ ಕೆಂಪು ಎಂದರೆ ಸಾಲುತ್ತಿರಲಿಲ್ಲ. ಹೊಸ್ತಿಲಿಗೆ ಬಳಿಯುವ ಗುಡ್ಡದ ಮಣ್ಣು ಜಾಜು. ಹಣೆಯದು ಕುಂಕುಮ. ಶನಿವಾರ ಎಣ್ಣೆಯಲ್ಲಿ ಕಲಸಿ ಆಂಜನೇಯನಿಗೆ ಹಚ್ಚುವುದು ಸಿಂಧೂರ. ಕುಂಕುಮವೆಂಬುದು ಮೊದಲು ಕೇಸರಿ ಹೂವಿನ ಎಳೆಯ ಹೆಸರಾಗಿತ್ತೆಂದು ಎಷ್ಟೋ ವರ್ಷಗಳ ಮೇಲೆ ನಾನು ನಿಘಂಟಿನಲ್ಲಿ ಓದಿದೆ. ಅಜ್ಜಿಗೆ ನಿಘಂಟು ಬೇಕಿರಲಿಲ್ಲ. ಅರಿಸಿನಕ್ಕೆ ಸುಣ್ಣದ ತಿಳಿನೀರು ಬೆರೆಸಿ, ನೆರಳಿನಲ್ಲಿ ಒಣಗಿಸಿ, ಕುಂಕುಮವನ್ನು ತಾನೇ ಮಾಡುತ್ತಿದ್ದಳು. ಅದರ ಮೇಲೆ ನಿಂಬೆರಸದ ಒಂದು ಹನಿ ಬಿಟ್ಟರೆ ಹಳದಿಗೆ ತಿರುಗುತ್ತಿತ್ತು. "ನೋಡಮ್ಮಿ, ತವರುಮನೆ ಬಣ್ಣ ಮರೆತಿಲ್ಲ" ಎನ್ನುತ್ತಿದ್ದಳು. ಸಿಂಧೂರ ಮಾತ್ರ ಹುಳಿಗೆ ಜಗ್ಗುತ್ತಿರಲಿಲ್ಲ. "ಅದು ಸೀಸ ಸುಟ್ಟು ಮಾಡಿದ್ದು. ಬಾಯಿಗೆ ಹೋದ್ರೆ ವಿಷ."

ಹೊಸದಾಗಿ ಮದುವೆಯಾಗಿ ಬಂದಿದ್ದ ಚಿಕ್ಕಮ್ಮ ರಾಯದುರ್ಗದ ಕಡೆಯವಳು. "ನಿಮ್ಮ ಕಡೆ ಕೆಂಪೆಲ್ಲಾ ಒಂದೇನಾ?" ಎಂದು ಅಜ್ಜಿ ಕೆಣಕಿದರೆ, "ಹೌದ್ರೀ ಅತ್ತಿ, ಮೆಣಸಿನಕಾಯಿ ಖಾರನೂ ಅದರಾಗ ಸೇರೈತಿ" ಎಂದು ನಗುತ್ತಿದ್ದಳು. ಮುತ್ತೈದೆಯರ ಮನೆಯಲ್ಲಿ ಕುಂಕುಮದ ಭರಣಿ ಬರಿದಾಗಬಾರದೆಂಬುದು ನಿಮಗೂ ಗೊತ್ತಿರುತ್ತದೆ. ನನಗಾಗ ಒಂಬತ್ತು ವರ್ಷ. ಅಂದು ಶುಕ್ರವಾರ, ಭರಣಿಯ ತಳ ಕಂಡಿತ್ತು; ಅಜ್ಜಿಯ ಹೊಸ ಕುಂಕುಮ ಇನ್ನೂ ಮೊರದಲ್ಲಿ ಒಣಗುತ್ತಿತ್ತು. ಚಿಕ್ಕಮ್ಮ ಗಾಬರಿಯಾಗಿ, ಗೂಡಿನಲ್ಲಿದ್ದ ಸಿಂಧೂರದ ಪೊಟ್ಟಣ ಬಿಚ್ಚಿ ಭರಣಿಗೆ ಸುರಿದಳು. ದೇವರದ್ದೇ ಕೆಂಪಲ್ಲವೇ ಎಂದುಕೊಂಡಿರಬೇಕು. ನಾನು ಬಾಗಿಲಲ್ಲಿ ನಿಂತು ನೋಡಿದೆ. ಹೇಳಿದರೆ ಅಜ್ಜಿ ಅವಳನ್ನು ಬೈದಾಳೆಂದು ಸುಮ್ಮನಾದೆ. ಮಧ್ಯಾಹ್ನ ಅಜ್ಜಿ, ಪೊರೆ ಬಂದ ಕಣ್ಣಿಗೆ ಏನೂ ತಿಳಿಯದೆ, ಅದರ ಮೇಲೆಯೇ ಹೊಸ ಕುಂಕುಮ ತುಂಬಿದಳು.

ಬಿಸಿಲು ಇಳಿಯುವ ಹೊತ್ತಿಗೆ ಮೂರು ವರ್ಷದ ನನ್ನ ತಂಗಿ ಆ ಭರಣಿಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ತುಟಿ, ನಾಲಗೆ, ಗಲ್ಲ ಎಲ್ಲ ಕೆಂಪು. ಅಪ್ಪ ಅಮ್ಮ ಕಡಲೆಕಾಯಿ ಹೊಲದಲ್ಲಿದ್ದರು. "ಅಯ್ಯೋ ನನ್ ಕೋತಿಮರಿ! ಅರಿಸಿನ ತಿಂದ್ರೆ ಏನಾಯ್ತದೆ ಬಿಡು" ಎಂದು ಅಜ್ಜಿ ನಕ್ಕಳು. ಚಿಕ್ಕಮ್ಮ ಗೋಡೆಗೆ ಒರಗಿ, "ತಳದಾಗ ಸಿಂಧೂರ ಐತ್ರೀ ಅತ್ತಿ. ಖಾಲಿ ಇಡಬಾರದಂತ ನಾನ ಹಾಕೀನ್ರಿ" ಎಂದಳು.

ಅಜ್ಜಿ ಬೈಯಲಿಲ್ಲ. ನಿಂಬೆಹಣ್ಣು ತರಲು ನನ್ನನ್ನು ಓಡಿಸಿದಳು. ಹಿಂಡುವುದು ಅವಳು, ನೋಡಿ ಹೇಳಬೇಕಾದವಳು ನಾನು. ತುಟಿಯ ಮೇಲೆ ಹನಿ ಬಿತ್ತು, ಹಳದಿಯಾಯಿತು. ಗಲ್ಲವೂ ಹಳದಿಯಾಯಿತು. "ನಾಲಗೆ ಹೇಳಮ್ಮಿ, ನಾಲಗೆ!" "ಹಳದಿ, ಅಜ್ಜಿ." ಅವಳು ಉಸಿರುಬಿಟ್ಟಳು. ಆಮೇಲೆ ಬೆರಳು. ತೋರುಬೆರಳಿನ ಉಗುರಿನ ಸಂದಿಯಲ್ಲಿ ಕೂದಲೆಳೆಯಷ್ಟು ಗೆರೆ ಇತ್ತು. ಹಿಂಡಿದಳು. ಮತ್ತೆ ಹಿಂಡಿದಳು. ಅದು ಕೆಂಪಾಗಿಯೇ ಉಳಿಯಿತು. ಹುಳಿಗೆ ಮುಖ ಕಿವುಚಿದ ತಂಗಿ ಆ ಬೆರಳನ್ನೇ ಬಾಯಿಗೆ ಒಯ್ಯಲು ಹೋದಳು. ಚಿಕ್ಕಮ್ಮ ಆ ಪುಟ್ಟ ಕೈಯನ್ನು ಹಿಡಿದವಳು, ಬಸ್ಸು ಹತ್ತಿ ಹಿಂದೂಪುರದ ಆಸ್ಪತ್ರೆ ಸೇರುವ ತನಕ ಬಿಡಲಿಲ್ಲ. ಅಲ್ಲಿ ಡಾಕ್ಟರು ತೆಲುಗಿನಲ್ಲಿ, ಮಗು ಏನು ತಿಂದಿತೆಂದು ಕೇಳಿದಾಗ ಅವಳು ನನ್ನತ್ತ ನೋಡಿದಳು. ನಾನು ತೆಲುಗಿನಲ್ಲಿ, ಬರೀ ಕೆಂಪು ಎನ್ನದೆ, ಎರಡರ ಹೆಸರನ್ನೂ ಬಿಡಿಸಿ ಹೇಳಿದೆ. ಬೆಳಿಗ್ಗೆ ಚಿಕ್ಕಮ್ಮ ಸುರಿದದ್ದನ್ನು ನೋಡಿದ್ದೆನೆಂದು ಮಾತ್ರ ಹೇಳಲಿಲ್ಲ.

ಮೂರು ದಿನ ಆ ಮಗುವಿನ ಮೈ ಮುಟ್ಟಿ ಮುಟ್ಟಿ ನೋಡಿದೆವು. ತಂಗಿ ಉಳಿದಳು. ಊರಿಗೆ ಮರಳಿದ ದಿನ ಅಜ್ಜಿ ಭರಣಿ ತೊಳೆದು ಚಿಕ್ಕಮ್ಮನ ಮುಂದಿಟ್ಟು, "ಇನ್ಮೇಲೆ ನೀನೇ ತುಂಬವ್ವ" ಎಂದಳು. ಅವಳು ತುಂಬಿದಳು; ಎಷ್ಟು ವರ್ಷವಾದರೂ ತುಂಬುವ ಮುನ್ನ ಒಂದು ಚಿಟಿಕೆಯ ಮೇಲೆ ನಿಂಬೆರಸ ಬಿಟ್ಟು ನೋಡುತ್ತಿದ್ದಳು. ತಪ್ಪೆಲ್ಲ ತನ್ನೊಬ್ಬಳದೇ ಎಂದು ಅವಳು ಕೊನೆಯವರೆಗೂ ನಂಬಿದ್ದಳು. ಮೊದಲು ಅಜ್ಜಿ ಹೋದಳು, ಆಮೇಲೆ ಅವಳು, ಮನೆಯೂ ಈಗಿಲ್ಲ. ಕೇಳಿದರೆ ತಂಗಿ, "ನಂಗೇನೂ ನೆನಪಿಲ್ಲ ಕಣಕ್ಕ" ಎಂದು ನಗುತ್ತಾಳೆ. ನಾನು ಯಾರಿಗೆ ಹೇಳಬೇಕಾಗಿತ್ತೋ ಆ ಇಬ್ಬರೂ ಕೇಳಿಸಿಕೊಳ್ಳಲು ಇಲ್ಲ.